ರಾಜೀನಾಮೆಗೆಂದೇ ಇರುವ ಹುದ್ದೆ



ಬ್ರಿಟನ್ನಿನಲ್ಲಿ ಒಂದು ಸರ್ಕಾರಿ ಹುದ್ದೆಯಿದೆ. ಅದಕ್ಕೆ ಸಂಬಳವಿಲ್ಲ, ಕಚೇರಿಯಿಲ್ಲ, ಕೆಲಸವಂತೂ ಮೊದಲೇ ಇಲ್ಲ. ಆದರೂ ಟೋನಿ ಬ್ಲೇರ್ 2007ರಲ್ಲಿ ಪ್ರಧಾನಿ ಪಟ್ಟದಿಂದ ಇಳಿದ ದಿನವೇ ಅದನ್ನು ವಹಿಸಿಕೊಂಡರು. 2023ರಲ್ಲಿ ಬೋರಿಸ್ ಜಾನ್ಸನ್ ಸರದಿ ಬಂತು. ಹುದ್ದೆಯ ಹೆಸರು, ಚಿಲ್ಟರ್ನ್ ಹಂಡ್ರೆಡ್ಸ್‌ನ ಸ್ಟೂವರ್ಡ್. ನಮ್ಮ ಹಳೆಯ ಮಾತಿನಲ್ಲಿ ಪಾರುಪತ್ಯಗಾರ ಅನ್ನಿ. ಪಾರ್ಲಿಮೆಂಟಿನ ಕಥೆಗಳ ಹುಚ್ಚು ನನಗೆ ಎಷ್ಟೋ ವರ್ಷಗಳಿಂದ ಇದೆ; ಅದರಲ್ಲಿ ಈ ಹುದ್ದೆಯಷ್ಟು ನಗಿಸಿದ್ದು ಇನ್ನೊಂದಿಲ್ಲ.

ಲಂಡನ್ನಿನ ವಾಯವ್ಯಕ್ಕೆ, ಬಕಿಂಗ್‌ಹ್ಯಾಮ್‌ಷೈರಿನಲ್ಲಿ, ಚಿಲ್ಟರ್ನ್ ಎಂಬ ಗುಡ್ಡಸಾಲಿದೆ. ಅಲ್ಲಿನ ಸ್ಟೋಕ್, ಡೆಸ್‌ಬರೋ, ಬರ್ನ್‌ಹ್ಯಾಮ್ ಎಂಬ ಮೂರು ‘ಹಂಡ್ರೆಡ್’ಗಳು, ಹೆಚ್ಚುಕಡಿಮೆ ನಮ್ಮ ಹೋಬಳಿಗಳಿದ್ದಂತೆ. ಒಂದು ಕಾಲಕ್ಕೆ ಆ ಬೀಚ್ ಮರಗಳ ಕಾಡಿನಲ್ಲಿ ದರೋಡೆಕೋರರ ಕಾಟವಿತ್ತು, ಅವರನ್ನು ಹದ್ದುಬಸ್ತಿನಲ್ಲಿಡಲು ರಾಜ ಒಬ್ಬ ಸ್ಟೂವರ್ಡನನ್ನು ನೇಮಿಸುತ್ತಿದ್ದ ಎನ್ನುತ್ತಾರೆ. ಕಳ್ಳರು ಹೋದರು, ಕೆಲಸ ಹೋಯಿತು, ಹುದ್ದೆ ಮಾತ್ರ ಗಟ್ಟಿಯಾಗಿ ಉಳಿಯಿತು.

ಉಳಿದದ್ದೇಕೆ? ಬ್ರಿಟನ್ನಿನ ಕಾಮನ್ಸ್ ಸಭೆಯ ಸದಸ್ಯ ರಾಜೀನಾಮೆ ಕೊಡುವಂತಿಲ್ಲ. 1624ರಲ್ಲಿ ಸಭೆಯೇ ಹಾಗೆಂದು ನಿರ್ಣಯ ಮಾಡಿತು. ಆಗ ಸದಸ್ಯತ್ವವೆಂದರೆ ಊರಿನ ಜನ ಹೊರಿಸಿದ ಹೊಣೆ. ಬೇಸರವಾಯಿತೆಂದು ಇಳಿಸಿ ನಡೆಯುವಂತಿರಲಿಲ್ಲ. ಆ ಶತಮಾನದ ಕೊನೆಗೆ ಇನ್ನೊಂದು ಭಯ ಹುಟ್ಟಿತು. ರಾಜ ಭರ್ಜರಿ ಆದಾಯದ ಹುದ್ದೆಗಳನ್ನು ಹಂಚಿ ಸದಸ್ಯರನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ಅದಕ್ಕೇ, ರಾಜನ ಕೈಕೆಳಗೆ ಲಾಭದಾಯಕ ಹುದ್ದೆ ಹಿಡಿದವನ ಸ್ಥಾನ ಹೋಗುತ್ತದೆ ಎಂಬ ಕಾನೂನು ಬಂತು. ಅದರ ತಿದ್ದುಪಡಿಗಳ ಜಾಡು ಹಿಡಿದರೆ ನಿಮಗೂ ನಿದ್ದೆ, ನನಗೂ ನಿದ್ದೆ, ಅದನ್ನು ದಾಟಿಬಿಡೋಣ.

1751ರಲ್ಲಿ ಜಾನ್ ಪಿಟ್ ಎಂಬ ಸದಸ್ಯ ವೇರಮ್ ಕ್ಷೇತ್ರ ಬಿಟ್ಟು ಡಾರ್ಚೆಸ್ಟರಿನಲ್ಲಿ ನಿಲ್ಲಬೇಕೆಂದಿದ್ದ. ರಾಜೀನಾಮೆಗೆ ದಾರಿಯಿಲ್ಲ. ಆಗ ಆತನಿಗೆ ಚಿಲ್ಟರ್ನಿನ ಹುದ್ದೆ ಕೊಟ್ಟರು. ಕೆಲಸವಿಲ್ಲದ್ದಾದರೂ ಅದು ರಾಜನ ಹುದ್ದೆ. ಹಿಡಿದ ಕೂಡಲೇ ಸ್ಥಾನ ಖಾಲಿ. ರಾಜನ ಆಮಿಷ ತಡೆಯಲು ಹಾಕಿದ ಬೇಲಿಯೇ ಹೊರಹೋಗುವ ಬಾಗಿಲಾಯಿತು. ಒಂದು ಬಾಗಿಲು ಸಾಲದೆಂದು 1844ರಿಂದ ಯಾರ್ಕ್‌ಷೈರಿನ ನಾರ್ತ್‌ಸ್ಟೆಡ್ ಜಹಗೀರಿನ ಸ್ಟೂವರ್ಡ್ ಹುದ್ದೆಯನ್ನೂ ಹೀಗೆ ಬಳಸತೊಡಗಿದರು. ಆ ಜಹಗೀರಿನ ಮನೆ ಎಂದೋ ಬಿದ್ದುಹೋಗಿದೆ. ಸ್ಕಾರ್‌ಬರೋ ಊರಿನ ಆ ನೆಲದಲ್ಲಿ ಈಗ ಪೀಸ್‌ಹೋಮ್ ಉದ್ಯಾನವಿದೆ. 1985ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನ 15 ಯೂನಿಯನಿಸ್ಟ್ ಸದಸ್ಯರು ಆಂಗ್ಲೋ-ಐರಿಷ್ ಒಪ್ಪಂದ ವಿರೋಧಿಸಿ ಒಂದೇ ದಿನ ಹೊರಬಂದಾಗ, ಈ ಎರಡೇ ಹುದ್ದೆಗಳಲ್ಲಿ ಒಬ್ಬರ ಹಿಂದೊಬ್ಬರನ್ನು ಕೂರಿಸಿ ಎಬ್ಬಿಸಿದರು.

ಈಗ ನನಗೆ ಅತಿ ಪ್ರಿಯವಾದ ಪ್ರಸಂಗ. ಜೆರ್ರಿ ಆಡಮ್ಸ್ ಗೊತ್ತಲ್ಲ, ಐರ್ಲೆಂಡಿನ ಷಿನ್ ಫೇನ್ ಪಕ್ಷದ ನಾಯಕರಾಗಿದ್ದ ಗಡ್ಡದ ಮನುಷ್ಯ. ಪಶ್ಚಿಮ ಬೆಲ್‌ಫಾಸ್ಟಿನಿಂದ ಮತ್ತೆ ಮತ್ತೆ ಗೆದ್ದರೂ ಕಾಮನ್ಸ್‌ನಲ್ಲಿ ಒಂದು ದಿನವೂ ಕೂರಲಿಲ್ಲ. ಕೂರಬೇಕಾದರೆ ಆಗಿನ ರಾಣಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಅದು ತನ್ನಿಂದಾಗದು ಎಂಬುದೇ ಅವರ ರಾಜಕೀಯ. 2011ರ ಜನವರಿಯಲ್ಲಿ ಐರ್ಲೆಂಡ್ ಗಣರಾಜ್ಯದ ಚುನಾವಣೆಗೆ ಲೌತ್ ಕ್ಷೇತ್ರದಿಂದ ನಿಲ್ಲಲು ಹೊರಟರು. ಸ್ಪೀಕರಿಗೆ ನೇರವಾಗಿ ಬರೆದರು: ರಾಜೀನಾಮೆ ಕೊಟ್ಟಿದ್ದೇನೆ. ಹುದ್ದೆ ಗಿದ್ದೆ ಏನನ್ನೂ ಕೇಳಲಿಲ್ಲ.

ಆದರೆ ರಾಜೀನಾಮೆ ಎಂಬುದು ಅಲ್ಲಿನ ಕಾನೂನಿನಲ್ಲೇ ಇಲ್ಲವಲ್ಲ! ಆ ಪತ್ರವನ್ನೇ ಅರ್ಜಿ ಎಂದು ತಿಳಿದು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಅವರನ್ನು ನಾರ್ತ್‌ಸ್ಟೆಡ್‌ಗೆ ನೇಮಿಸಿದರು. ಪ್ರಧಾನಿ ಕ್ಯಾಮರೂನ್ ಸದನದಲ್ಲಿ ಎದ್ದುನಿಂತು, ಮಾನ್ಯ ಆಡಮ್ಸ್ ರಾಜಸತ್ತೆಯ ಲಾಭದಾಯಕ ಹುದ್ದೆ ಒಪ್ಪಿಕೊಂಡಿದ್ದಾರೆ ಎಂದರು; ಸಾಲದ್ದಕ್ಕೆ ‘ಬ್ಯಾರನ್’ ಎಂದೂ ಕರೆದರು. ಸದನ ಬಿದ್ದು ಬಿದ್ದು ನಕ್ಕಿತು. ಬದುಕೆಲ್ಲ ರಾಜಸತ್ತೆಯನ್ನು ವಿರೋಧಿಸಿದ ಮನುಷ್ಯ ರಾಣಿಯ ಪಾರುಪತ್ಯಗಾರ! ನಾನು ಯಾವ ಹುದ್ದೆಯನ್ನೂ ಒಪ್ಪಿಲ್ಲ ಎಂದು ಆಡಮ್ಸ್ ಸಿಡಿದೆದ್ದರು. ಪ್ರಧಾನಿಯ ಕಚೇರಿ ತಮ್ಮಲ್ಲಿ ಕ್ಷಮೆ ಕೇಳಿತೆಂದೂ ಹೇಳಿದರು. ಕೊನೆಗೆ ಸ್ಪೀಕರ್ ಬರ್ಕೋ ತೀರ್ಪು ಕೊಟ್ಟರು: ಒಪ್ಪಲಿ ಬಿಡಲಿ, ನೇಮಕವಾಗಿದೆ, ಸ್ಥಾನ ಖಾಲಿಯಾಗಿದೆ. ಎರಡು ವರ್ಷದ ನಂತರ ಅದೇ ಪಕ್ಷದ ಮಾರ್ಟಿನ್ ಮೆಕ್‌ಗಿನಿಸ್ ಅವರಿಗೂ ಇದೇ ಮರ್ಯಾದೆ ಸಿಕ್ಕಿತು.

ನಗು ಬರುತ್ತದೆ, ನಿಜ. ನಗುವ ಮುಂಚೆ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ‘ಲಾಭದಾಯಕ ಹುದ್ದೆ’ಯ ನಿಯಮ ಅಲ್ಲಿಂದಲೇ ನಮ್ಮ ಸಂವಿಧಾನಕ್ಕೂ ಬಂತು. ಆದರೆ ನಮ್ಮವರು ಸುತ್ತುದಾರಿ ಬೇಡವೆಂದು ನೇರ ರಾಜೀನಾಮೆಗೆ ಅವಕಾಶ ಕೊಟ್ಟರು. ಮುಂದೆ 1974ರ 33ನೇ ತಿದ್ದುಪಡಿ ಬಂತು. ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂದು ಸ್ಪೀಕರ್ ನೋಡಿ ಅಂಗೀಕರಿಸಬೇಕು ಎಂದಾಯಿತು. ಬಲವಂತದ ರಾಜೀನಾಮೆ ತಡೆಯುವ ಒಳ್ಳೆಯ ಉದ್ದೇಶವೇ. ಅದರ ಇನ್ನೊಂದು ಮುಖವನ್ನು ಕರ್ನಾಟಕ 2019ರ ಜುಲೈನಲ್ಲಿ ಕಂಡಿತು. ಸ್ಪೀಕರ್ ತೀರ್ಮಾನಿಸದ ರಾಜೀನಾಮೆ ಪತ್ರ ಬೆಂಗಳೂರಿನಲ್ಲಿ, ಅದನ್ನು ಕೊಟ್ಟ ಶಾಸಕರು ಮುಂಬೈ ಹೋಟೆಲಿನಲ್ಲಿ, ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ. ಕೊನೆಗೆ 17 ಮಂದಿ ಅನರ್ಹರಾದರು. ಅನರ್ಹತೆ ಸರಿ, ಆದರೆ ಅವರು ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು.

ಹೋಗುವವರನ್ನು ತಡೆದದ್ದು ನಮ್ಮಲ್ಲಷ್ಟೇ ಅಲ್ಲ; ಬ್ರಿಟನ್ನಿನಲ್ಲೂ ಹಿಂದೆ, ಕೇಳಿದ ಸದಸ್ಯನಿಗೆ ಈ ಹುದ್ದೆ ನಿರಾಕರಿಸಿದ್ದುಂಟು. 1842ರಲ್ಲಿ ಚುನಾವಣಾ ಲಂಚದ ಒಳಒಪ್ಪಂದದ ವಾಸನೆ ಬಡಿದು, ರೆಡಿಂಗ್ ಕ್ಷೇತ್ರದ ವೈಕೌಂಟ್ ಚೆಲ್ಸಿಗೆ ಹಣಕಾಸು ಸಚಿವ ಗೌಲ್ಬರ್ನ್ ಇಲ್ಲವೆಂದರು. ಈಗ ಅರ್ಜಿ ಬಂದರೆ ಕೊಡುವುದೇ ರೂಢಿ. 1975ರ ಅನರ್ಹತಾ ಕಾಯ್ದೆಯಲ್ಲಿ ಎರಡೂ ಹುದ್ದೆಗಳಿಗೆ ಹೆಸರಿಟ್ಟು ಜಾಗ ಕೊಟ್ಟಿದ್ದಾರೆ.

ಅವರ ನಿಯಮ ಹಾಸ್ಯಾಸ್ಪದ, ಒಪ್ಪುತ್ತೇನೆ. ಆದರೆ ಹೋಗುತ್ತೇನೆ ಎಂದ ಸದಸ್ಯನ ಕ್ಷೇತ್ರ ಅಲ್ಲಿ ಯಾರ ಮರ್ಜಿಗೂ ಕಾಯುವುದಿಲ್ಲ. ನಮ್ಮ ನಿಯಮ ಅದಕ್ಕಿಂತ ಸರಳ. ಅದರಲ್ಲಿ ಇರಬೇಕಾಗಿದ್ದ ಒಂದೇ ಒಂದು ಮಾತು, ಸ್ಪೀಕರ್ ಇಷ್ಟು ದಿನದೊಳಗೆ ತೀರ್ಮಾನಿಸಬೇಕು ಎಂಬುದು, ಇಲ್ಲ. ಅದನ್ನು ಸೇರಿಸಿ ಎಂದು ನಿಮ್ಮ ಸಂಸದರನ್ನು ಕೇಳಿ.