ಯಕೃತ್ತಿನ ಒಳಕಟ್ಟು



ಇಟ್ಟಿಗೆ, ಗಾರೆ, ತೊಲೆಗಳನ್ನು ಒಂದೆಡೆ ಸುರಿದ ಮಾತ್ರಕ್ಕೆ ಮನೆಯಾಗುವುದಿಲ್ಲವಷ್ಟೆ. ಜೀವಿಗಳ ದೇಹಕ್ಕೂ ಈ ಮಾತು ಸಲ್ಲುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು 1665ರಲ್ಲಿ ಕಾರ್ಕ್ ಎಂಬ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಕಂಡ ಪುಟ್ಟ ಗೂಡುಗಳಿಗೆ ‘ಸೆಲ್’ ಎಂದು ಹೆಸರಿಟ್ಟನು. ಸಸ್ಯಗಳೂ ಪ್ರಾಣಿಗಳೂ ಇಂತಹ ಜೀವಕೋಶಗಳಿಂದಲೇ ಆದುವೆಂದು ಜರ್ಮನಿಯ ಷ್ಲೈಡನ್ ಮತ್ತು ಷ್ವಾನ್ ಎಂಬ ವಿದ್ವಾಂಸರು 1838–39ರಲ್ಲಿ ಪ್ರತಿಪಾದಿಸಿದರು. ಆದರೆ ದೇಹದಲ್ಲಿ ಕೋಶಗಳಿವೆಯೆಂದು ಅರಿತರೆ ಅರ್ಧವನ್ನು ಅರಿತಂತೆ. ಅವು ಯಾವ ಕ್ರಮದಲ್ಲಿ ಕೂಡಿಕೊಂಡಿವೆಯೆಂಬುದು ಉಳಿದರ್ಧ.

ಒಂದು ಕಾರ್ಯಕ್ಕಾಗಿ ಕೂಡಿದ ಕೋಶಗಳ ಸಮೂಹವನ್ನು ಅಂಗಾಂಶವೆನ್ನುತ್ತೇವೆ. ನಮ್ಮಲ್ಲಿ ಅವು ಮುಖ್ಯವಾಗಿ ನಾಲ್ಕು ಬಗೆ: ಹೊದಿಕೆಯಾಗಿರುವುವು, ಒಂದನ್ನೊಂದು ಬಂಧಿಸುವುವು, ಸ್ನಾಯುವಿನವು, ನರದವು. ಬೇರೆಬೇರೆ ಅಂಗಾಂಶಗಳು ಸೇರಿ ಅಂಗವಾಗುತ್ತದೆ. ಈ ಕಟ್ಟಿನ ಮಹತ್ತ್ವವನ್ನು ತಿಳಿಯಲು ಯಕೃತ್ತಿಗಿಂತ ಒಳ್ಳೆಯ ನಿದರ್ಶನವಿಲ್ಲ.

ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಈ ಅಂಗವಿದೆ. ಇದರೊಳಗೆ ಒಂದೆರಡು ಮಿಲಿಮೀಟರ್ ಅಗಲದ, ಬಹುಮಟ್ಟಿಗೆ ಆರು ಮೂಲೆಗಳುಳ್ಳ ಸಣ್ಣ ಸಣ್ಣ ಖಂಡಗಳು ಒತ್ತಾಗಿ ಸೇರಿವೆ. ಪ್ರತಿಯೊಂದು ಖಂಡದಲ್ಲಿಯೂ ಕೋಶಗಳು ತೆಳ್ಳನೆಯ ಗೋಡೆಗಳಂತೆ ನಿಂತಿವೆ. ಗೋಡೆಗಳ ನಡುವೆ ರಕ್ತದ ಕಿರುದಾರಿಗಳಿವೆ. ಕರುಳಿನಿಂದ ಅನ್ನರಸವನ್ನು ಹೊತ್ತ ರಕ್ತವು ಖಂಡದ ಅಂಚಿನಿಂದ ನಡುವಿಗೆ ಹರಿಯುತ್ತದೆ. ಕೋಶಗಳು ತಯಾರಿಸಿದ ಪಿತ್ತರಸವು ಬೇರೆ ಕಾಲುವೆಗಳಲ್ಲಿ ನಡುವಿನಿಂದ ಅಂಚಿಗೆ ಹರಿಯುತ್ತದೆ. ಎರಡು ಪ್ರವಾಹಗಳೂ ಒಂದೇ ಕೋಶವನ್ನು ಸವರಿಕೊಂಡು ಹೋದರೂ ಒಂದರೊಡನೊಂದು ಬೆರೆಯುವುದಿಲ್ಲ. ಸಕ್ಕರೆಯನ್ನು ಕೂಡಿಡುವುದು, ವಿಷವನ್ನು ಕಳೆಯುವುದು, ರಕ್ತಕ್ಕೆ ಬೇಕಾದ ಸಸಾರಜನಕಗಳನ್ನು ಒದಗಿಸುವುದು, ಇವೆಲ್ಲಕ್ಕೂ ಈ ವಿನ್ಯಾಸವೇ ಆಧಾರ.

ಯಕೃತ್ತಿಗೆ ಮತ್ತೊಂದು ವಿಶೇಷ ಶಕ್ತಿಯುಂಟು. ಅಮೆರಿಕದಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬವರು 1931ರಲ್ಲಿ ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ತೆಗೆದು ಪರೀಕ್ಷಿಸಿದರು. ಉಳಿದ ಭಾಗವು ಕೆಲವೇ ದಿನಗಳಲ್ಲಿ ಬೆಳೆದು ಮೊದಲಿನ ತೂಕವನ್ನು ಹೆಚ್ಚುಕಡಮೆ ತುಂಬಿಕೊಂಡಿತು. ಅಲ್ಲಿಗೆ ಬೆಳವಣಿಗೆಯೂ ನಿಂತಿತು. ಮನುಷ್ಯರ ಯಕೃತ್ತೂ ಹೀಗೆ ಬೆಳೆಯಬಲ್ಲುದು. ಆದುದರಿಂದಲೇ 1989ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ತಾಯಿಯೊಬ್ಬಳ ಯಕೃತ್ತಿನ ತುಂಡನ್ನು ಆಕೆಯ ಮಗುವಿಗೆ ಕಸಿಮಾಡಿ ಉಳಿಸಿಕೊಳ್ಳುವುದು ಸಾಧ್ಯವಾಯಿತು.

ಇಷ್ಟು ಶಕ್ತಿಯಿದ್ದೂ ಜನರು ಯಕೃತ್ತು ಕೆಟ್ಟು ಸಾಯುವುದೇಕೆ? ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು, ಸ್ಥೂಲಕಾಯ ಮತ್ತು ಸಿಹಿಮೂತ್ರ ರೋಗದೊಡನೆ ಬರುವ ಕೊಬ್ಬು, ಇವು ವರ್ಷಗಟ್ಟಲೆ ಕೋಶಗಳನ್ನು ನೋಯಿಸುತ್ತಲೇ ಇದ್ದರೆ, ಗಾಯವನ್ನು ಮುಚ್ಚುವ ನಾರು ಅಲ್ಲಲ್ಲಿ ಹೆಣೆದುಕೊಳ್ಳುತ್ತದೆ. ಕೋಶಗಳು ಮತ್ತೆ ಹುಟ್ಟುತ್ತವೆ. ಆದರೆ ಹಳೆಯ ಸಾಲುಗಳಲ್ಲಿ ನಿಲ್ಲದೆ, ನಾರಿನ ಬೇಲಿಯೊಳಗೆ ಗಂಟುಗಂಟಾಗಿ ಕೂಡುತ್ತವೆ. ಕೋಶಗಳು ಬದುಕಿದ್ದರೂ ರಕ್ತವು ಅವುಗಳ ಬಳಿಗೆ ಸರಿಯಾಗಿ ಸುಳಿಯದು. ತಡೆಯಲ್ಪಟ್ಟ ರಕ್ತವು ಹಿಂದಕ್ಕೆ ಒತ್ತುತ್ತದೆ. ಅನ್ನನಾಳದ ಸಿರೆಗಳು ಉಬ್ಬುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುತ್ತದೆ. ಫ್ರಾನ್ಸಿನ ವೈದ್ಯ ಲೆನೆಕ್ 1819ರಲ್ಲಿ ಈ ವ್ಯಾಧಿಗೆ ಸಿರೋಸಿಸ್ ಎಂದು ಹೆಸರಿಟ್ಟನು. ಇಲ್ಲಿ ಕೊರತೆ ಕೋಶಗಳ ಸಂಖ್ಯೆಯಲ್ಲಿ ಮಾತ್ರವಲ್ಲ, ಅವುಗಳ ಕ್ರಮದಲ್ಲಿಯೂ ಇದೆ.

ಈ ವ್ಯಾಧಿಯು ಬಹುಕಾಲ ನೋವನ್ನು ಕೊಡದೆ ಬೆಳೆಯುವುದೇ ಅದರ ಅಪಾಯ. ಕಾಮಾಲೆ ಕಾಣಿಸಿಕೊಳ್ಳುವ ವೇಳೆಗೆ ಒಳಕಟ್ಟು ಬಹುಪಾಲು ಕೆಟ್ಟಿರಬಹುದು. ಆದರೂ ಹತಾಶರಾಗಬೇಕಿಲ್ಲ. ಕಾರಣವನ್ನು ಬೇಗ ದೂರಮಾಡಿದರೆ ನಾರು ಸ್ವಲ್ಪಮಟ್ಟಿಗೆ ಕರಗುವುದೂ ಉಂಟು. ಹೆಪಟೈಟಿಸ್ ಬಿ ತಗುಲದಂತೆ ಮಗು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಚುಚ್ಚುಮದ್ದು ಹಾಕಿಸಬಹುದು. ಹೆಪಟೈಟಿಸ್ ಸಿ ಬಹುಮಂದಿಯಲ್ಲಿ ಕೆಲವು ವಾರಗಳ ಗುಳಿಗೆಗಳಿಂದಲೇ ಗುಣವಾಗುತ್ತದೆ. ಮದ್ಯವನ್ನು ಬಿಡುವುದು ಅವರವರ ಕೈಯಲ್ಲಿದೆ.

ಕಳೆದುಹೋದ ಕೋಶಗಳನ್ನು ಯಕೃತ್ತು ತಾನೇ ತುಂಬಿಕೊಳ್ಳಬಲ್ಲುದು. ಮುರಿದುಬಿದ್ದ ಕಟ್ಟನ್ನು ಮೊದಲಿನಂತೆ ಕಟ್ಟಿಕೊಳ್ಳುವುದು ಅದಕ್ಕೂ ದುಸ್ಸಾಧ್ಯ. ಆ ಕಟ್ಟು ನಿಂತಿರುವಾಗಲೇ ಅದನ್ನು ಕಾಪಾಡಿಕೊಳ್ಳಬೇಕೆಂದು ವಿಜ್ಞಾಪಿಸಿ ವಿರಮಿಸುತ್ತೇನೆ.