ನಾದವಿದ್ಯೆಯೂ ಯಂತ್ರವಿದ್ಯೆಯೂ

(ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಬಂದ ಸದ್ಭಕ್ತರು ಇಲ್ಲಿ ನೆರೆದಿದ್ದೀರಿ. ಪ್ರೌಢಶಾಲೆಯನ್ನು ಮುಗಿಸಿದ ಮಗನೋ ಮಗಳೋ ಮನೆಗೆ ಬಂದು, ಸಂಗೀತಕ್ಕೆ ಸಂಬಂಧಿಸಿದ ಯಂತ್ರವಿದ್ಯೆಯನ್ನು ಕಲಿಯುವೆನೆಂದರೆ ತಂದೆತಾಯಿಗಳು ಏನು ಮಾಡತಕ್ಕದ್ದು? ಇದೇ ಇಂದಿನ ನನ್ನ ವಿಷಯವು. ಕಲ್ಲಿನ ಗಣಿ, ಸಿಮೆಂಟಿನ ಕಾರಖಾನೆ, ತೊಗರಿಯ ಹೊಲ ಇವುಗಳಿಂದ ಬದುಕುವ ನಮ್ಮ ಸೀಮೆಯಲ್ಲಿ, ಹಾಡಿನಿಂದ ಹೊಟ್ಟೆ ತುಂಬೀತೇ ಎಂಬ ಪ್ರಶ್ನೆಯು ಸಹಜವಾದುದು. ಅದನ್ನು ತಿರಸ್ಕರಿಸಲಾಗದು, ಹಾಗೆಂದು ಅದೊಂದೇ ಪ್ರಶ್ನೆಯಿಂದ ಮಕ್ಕಳ ಒಲವನ್ನು ಮುರಿಯಲೂ ಬಾರದು.

ಮೊದಲು ಆ ವಿದ್ಯೆಯ ಸ್ವರೂಪವನ್ನು ತಿಳಿಯೋಣ. ಮೈಕು ಗಾಳಿಯ ಕಂಪನವನ್ನು ವಿದ್ಯುತ್ತಿನ ಕಂಪನವನ್ನಾಗಿ ಮಾರ್ಪಡಿಸುತ್ತದೆ. ಗಣಕಯಂತ್ರವು ಅದನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದವನ್ನು ಮಾತ್ರ ಗ್ರಹಿಸಬಲ್ಲುದಾದುದರಿಂದ ಈ ಅಳತೆಯು ಸಾಕಾಗುತ್ತದೆ. ಜಾತ್ರೆಯಲ್ಲಿ ಪುರಾಣ ನಡೆದಿರುವಾಗ ಧ್ವನಿವರ್ಧಕವು ಒಮ್ಮೆಲೇ ಕಿರಿಚಿಕೊಳ್ಳುವುದನ್ನು ತಾವೆಲ್ಲರೂ ಕೇಳಿದ್ದೀರಿ. ಹೊರಟ ಶಬ್ದವು ಮರಳಿ ಮೈಕನ್ನು ಹೊಕ್ಕು, ಹೆಚ್ಚಾಗಿ ಹೊರಬಂದು, ಮತ್ತೆ ಒಳಹೊಕ್ಕು ಆ ಚೀತ್ಕಾರವು ಹುಟ್ಟುತ್ತದೆ. ಅರಿಯದವನು ಇಡೀ ಧ್ವನಿಯನ್ನೇ ತಗ್ಗಿಸುತ್ತಾನೆ. ಆಗ ಶಾಸ್ತ್ರಿಗಳ ಮಾತು ಹಿಂದೆ ಕುಳಿತ ಮುದುಕಿಗೆ ಕೇಳಿಸದು. ಸ್ವರಜ್ಞಾನವುಳ್ಳವನು ಕಿರಿಚಿದ ಸ್ವರವಾವುದೆಂದು ಗುರುತಿಸಿ ಅದೊಂದನ್ನೇ ಕುಗ್ಗಿಸುತ್ತಾನೆ. ಯಂತ್ರವು ಇಬ್ಬರಿಗೂ ಒಂದೇ, ಭೇದವಿರುವುದು ಕಿವಿಯಲ್ಲಿ.

ಆದಕಾರಣ ನನ್ನ ಮೊದಲನೆಯ ವಿಜ್ಞಾಪನೆಯೇನೆಂದರೆ, ಯಂತ್ರಕ್ಕಿಂತ ಮುಂಚೆ ಕಿವಿಯು ಪಳಗಬೇಕು. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892–1944) ಅಂಧರು. ಅವರ ಶಿಷ್ಯರೂ 2010ರಲ್ಲಿ ಪದ್ಮಭೂಷಣರೂ ಆದ ಪುಟ್ಟರಾಜ ಗವಾಯಿಗಳು (1914–2010) ಸಹ ಅಂಧರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಗುರುಶಿಷ್ಯರು ಅಂಧರಿಗೂ ಅನಾಥರಿಗೂ ಅನ್ನವನ್ನಿಟ್ಟು ನಾದವನ್ನು ಧಾರೆಯೆರೆದರು. ಕಣ್ಣಿಲ್ಲದೆಯೂ ಕಿವಿಯಿಂದಲೇ ಒಂದು ಕುಲವು ಬೆಳೆಯಿತು. ನಮ್ಮ ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಹಾರ್ಮೋನಿಯಂ, ತಬಲಾಗಳೊಡನೆ ಕುಳಿತು ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಅಭ್ಯಾಸ ಮಾಡಲಿ.

ಎರಡನೆಯದು, ಕಲಿಯುವ ಸ್ಥಳ. ಬೆಂಗಳೂರಿನಲ್ಲಿ ಪ್ರಾರಂಭವಾದ ತಾಂತ್ರಿಕ ಶಾಲೆಯ ಒಂದು ಶಾಖೆಯಾಗಿ ಬೆಳೆದು, ಈಗ ಹೆಸರಘಟ್ಟದಲ್ಲಿರುವ ಸರಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಉಂಟು. ಪುಣೆಯಲ್ಲಿ 1960ರಲ್ಲಿ ಸ್ಥಾಪಿತವಾದ ಕೇಂದ್ರಸರಕಾರದ ಸಂಸ್ಥೆಯಲ್ಲಿ ಪದವಿಯ ತರುವಾಯ ಇದೇ ವಿದ್ಯೆಯನ್ನು ಉಚ್ಚಮಟ್ಟದಲ್ಲಿ ಕಲಿಸುತ್ತಾರೆ. ಆ ದಾರಿಯನ್ನು ಬಯಸುವವರು ಪಿಯುಸಿಯಲ್ಲಿ ಭೌತವಿಜ್ಞಾನವನ್ನು ಬಿಡಬಾರದು. ವಾಡಿಯ ಜಂಕ್ಷನ್ನಿನಿಂದ ಎರಡೂ ಊರುಗಳಿಗೆ ರೈಲುಂಟು.

ಇವಲ್ಲದೆ ಲಕ್ಷಗಟ್ಟಲೆ ಶುಲ್ಕ ಕೇಳುವ ಖಾಸಗಿ ಶಾಲೆಗಳೂ ಇವೆ. ಹೊಲವನ್ನು ಒತ್ತೆಯಿಟ್ಟು ಹಣ ಕಟ್ಟುವ ಮುನ್ನ ತಂದೆಯಾದವನು ಮೂರು ಪ್ರಶ್ನೆಗಳನ್ನು ಕೇಳಲಿ. ವಿದ್ಯಾರ್ಥಿಯು ವಾರಕ್ಕೆ ಎಷ್ಟು ತಾಸು ಸ್ವತಃ ಯಂತ್ರದ ಮುಂದೆ ಕೂಡುವನು? ಕಲಿಸುವವರು ಆ ಕಾಯಕವನ್ನು ತಾವೇ ಮಾಡುತ್ತಿರುವರೇ? ಹಿಂದೆ ಕಲಿತವರು ಈಗ ಎಲ್ಲಿ ದುಡಿಯುತ್ತಿರುವರು? ಉತ್ತರಕ್ಕೆ ಬದಲಾಗಿ ಬಣ್ಣದ ಪತ್ರಿಕೆಯನ್ನು ಕೈಗಿತ್ತರೆ ಮರಳಿ ಬರುವುದೇ ಲೇಸು.

ಇನ್ನು ಜೀವನೋಪಾಯ. ಚಲನಚಿತ್ರ, ಆಕಾಶವಾಣಿ, ದೂರದರ್ಶನ, ಸಭೆ, ಜಾತ್ರೆ ಎಲ್ಲೆಡೆಯೂ ಈ ಕಾಯಕಕ್ಕೆ ಸ್ಥಳವಿದೆ. ಆರಂಭದ ವರುಷಗಳಲ್ಲಿ ಗಳಿಕೆಯು ಅಲ್ಪ, ರಾತ್ರಿಯ ದುಡಿತವು ಬಹಳ, ಹೆಸರು ಹಾಡಿದವರಿಗೆ. ಇದನ್ನು ಮಕ್ಕಳಿಗೆ ಮೊದಲೇ ತಿಳಿಸತಕ್ಕದ್ದು. ತಿಳಿದೂ ಒಲವು ಕುಂದದಿದ್ದರೆ ಅವರನ್ನು ತಡೆಯದಿರಿ.

ಈ ಕಾಯಕವು ಹಿರಿದಾದುದೆಂಬುದಕ್ಕೆ ನಮ್ಮ ನೆಲವೇ ಸಾಕ್ಷಿ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದ ಕ್ರಿ.ಶ. 1058ರ ಶಾಸನವು 200 ಮಂದಿ ವೇದವಿದ್ಯಾರ್ಥಿಗಳನ್ನೂ 52 ಮಂದಿ ಶಾಸ್ತ್ರವಿದ್ಯಾರ್ಥಿಗಳನ್ನೂ ಹೇಳುವುದಲ್ಲದೆ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೇಳುತ್ತದೆ. ಕಲಿಸುವವರೊಡನೆ ಕಾಪಾಡುವವರಿಗೂ ಅಂದು ಮನ್ನಣೆಯಿತ್ತು. ಧ್ವನಿಯನ್ನು ಸೆರೆಹಿಡಿಯುವವನು ಇಂದಿನ ಸರಸ್ವತೀಭಂಡಾರಿಗನು. ನಮ್ಮ ಹಳ್ಳಿಗಳಲ್ಲಿ ಏಕತಾರಿ ಹಿಡಿದು ತತ್ತ್ವಪದ ಹಾಡುವ ಹಿರಿಯರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿದ್ದಾರೆ. ಅವರೊಡನೆ ಅವರ ಧಾಟಿಯೂ ಮಣ್ಣುಗೂಡುತ್ತಿದೆ. ಪುಸ್ತಕದಲ್ಲಿ ಪದವು ಉಳಿದೀತು, ಧಾಟಿಯು ಉಳಿಯದು. ಅದನ್ನು ಉಳಿಸಬಲ್ಲವರು ಪಳಗಿದ ಕಿವಿಯುಳ್ಳ ನಮ್ಮ ಮಕ್ಕಳೇ.

ಶ್ರೀಮಠದಲ್ಲಿ ಒಂದು ಚಿಕ್ಕ ಕೋಣೆಯನ್ನು ಇದಕ್ಕಾಗಿ ಮೀಸಲಿಟ್ಟು, ಈ ವಿದ್ಯೆಯನ್ನು ಕಲಿಯುವವರಿಂದ ಆ ಹಿರಿಯರ ಹಾಡುಗಳನ್ನು ಮುದ್ರಿಸಿಡಬೇಕೆಂದು ಪೂಜ್ಯರ ಸನ್ನಿಧಿಯಲ್ಲಿಯೂ ಸದ್ಭಕ್ತರಲ್ಲಿಯೂ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ವಿದ್ಯಾರ್ಥಿಗೆ ಅದು ಅಭ್ಯಾಸವಾದೀತು, ಸಮಾಜಕ್ಕೆ ದಾಸೋಹವಾದೀತು.