ವಿದೇಶಕ್ಕೆ ಗಂಟು ಕಟ್ಟುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ಫೋನ್ ಮಾಡಿದಾಗ, "ಶಾಲೆಯ ನೆನಪುಗಳನ್ನು ಹೇಳುವವರು ಬಹಳ ಜನ ಇದ್ದಾರೆ, ನೀವು ನಿಮ್ಮ ಕೆಲಸದ ಬಗ್ಗೆಯೇ ನಾಲ್ಕು ಮಾತಾಡಿ, ಊರಿಗೆ ಉಪಯೋಗವಾಗಲಿ" ಎಂದರು. ನಾನು ಬೆಂಗಳೂರಿನಲ್ಲಿ ಕಾರ್ಗೋ ಕಾಗದಪತ್ರ ನೋಡುವ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಜನ ವಿದೇಶಕ್ಕೆ ಸಾಮಾನು ಕಳಿಸುವುದನ್ನು ದಿನವೂ ನೋಡುತ್ತೇನೆ. ಅದರ ಬಗ್ಗೆಯೇ ಮಾತಾಡುತ್ತೇನೆ.

ನಾವು ಓದುವಾಗ ವಿದೇಶ ಅಂದರೆ ಭೂಪಟದ ಬಣ್ಣ. ಇವತ್ತು ಹಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಮಕ್ಕಳು ಸಾಲ ಮಾಡಿ ಜರ್ಮನಿಗೆ, ಆಸ್ಟ್ರೇಲಿಯಾಕ್ಕೆ ಓದಲು ಹೋಗುತ್ತಿದ್ದಾರೆ. ನರ್ಸುಗಳು, ಡ್ರೈವರುಗಳು ಗಲ್ಫಿಗೆ ಹೋಗುತ್ತಾರೆ. ಊರು ಬಿಟ್ಟು ಹೊರಗೆ ಹೋಗದ ತಾಯಂದಿರು ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಅಮೆರಿಕದಲ್ಲಿ ಇದ್ದು ಬರುತ್ತಾರೆ. ನಮ್ಮ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರೂ ಗಿಡಮೂಲಿಕೆ ಎಣ್ಣೆಯ ವ್ಯಾಪಾರಕ್ಕೆ ಆಫ್ರಿಕಾದ ದಾರಿ ಹಿಡಿದಿದ್ದಾರೆ. ಹೀಗೆ ಗಂಟು ಕಟ್ಟುವ ಮನೆಗಳು ಎಲ್ಲ ಊರಲ್ಲೂ ಇವೆ. ಬೆವರಿನ ದುಡ್ಡು ಆ ಗಂಟಿನ ಸಾಗಣೆಯಲ್ಲಿ ಸುಮ್ಮನೆ ಕರಗಿ ಹೋಗಬಾರದು ಎನ್ನುವುದೇ ನನ್ನ ಮಾತಿನ ಸಾರ.

ಮೊದಲು ಲೆಕ್ಕದಿಂದ ಶುರು ಮಾಡೋಣ. ಕಳೆದ ವರ್ಷ ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ನಮ್ಮಲ್ಲಿಗೆ ಬಂದರು. ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ, ಅಲ್ಲಿ ಚಳಿ ಅಂತ ಎರಡು ರಗ್ಗು, ಒಂದು ದಿಂಬು ತುಂಬಿದ ಪೆಟ್ಟಿಗೆ ತಂದಿದ್ದರು. ತೂಕ 6 ಕೆಜಿ. ಅಷ್ಟಕ್ಕೆ ಆಗುವ ಹಣವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಆದರೆ ಕೊರಿಯರ್ ಕಂಪನಿಗಳು ತೂಕವನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅವರ ಪೆಟ್ಟಿಗೆ 60, 40, 40. ಗುಣಿಸಿದರೆ 96,000. ಭಾಗಿಸಿದರೆ 19.2 ಕೆಜಿ. "ಅಣ್ಣ, ಒಳಗಿರೋ ಗಾಳಿಗೂ ಬಾಡಿಗೆ ಕೊಡಬೇಕಾಗುತ್ತೆ" ಅಂದೆ. ದಿಂಬು ತೆಗೆದೆವು. ರಗ್ಗುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಒತ್ತಿ ಕಟ್ಟಿದೆವು. 40, 30, 25ರ ಚಿಕ್ಕ ಪೆಟ್ಟಿಗೆಗೆ ಹಿಡಿಸಿತು. ಲೆಕ್ಕ 6 ಕೆಜಿಗೆ ಇಳಿಯಿತು. ಅವರು ತಂದಿದ್ದ ಹಣವೇ ಸಾಕಾಯಿತು.

ಮಕ್ಕಳೆ, ಇದು ದೊಡ್ಡ ವಿದ್ಯೆ ಏನಲ್ಲ. ಇದೇ ಶಾಲೆಯಲ್ಲಿ ಗಣಿತದ ಮೇಷ್ಟ್ರು ಕಲಿಸಿದ ಘನಫಲದ ಲೆಕ್ಕ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿದ್ದುದು ನಿಮ್ಮ ಅಪ್ಪನ ಸಾವಿರಾರು ರೂಪಾಯಿ ಉಳಿಸುತ್ತದೆ.

ಎರಡನೆಯದು, ವಿಂಗಡಣೆ. ಹೊಗೆಸೊಪ್ಪು ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬ್ಯಾರನ್‌ನಿಂದ ಇಳಿಸಿದ ಸೊಪ್ಪನ್ನೆಲ್ಲ ಒಂದೇ ಬೇಲ್‌ಗೆ ತುಂಬಿ ಕಟ್ಟೆಮಳಲವಾಡಿ ಹರಾಜಿಗೆ ಯಾರೂ ಒಯ್ಯುವುದಿಲ್ಲ, ಗ್ರೇಡ್ ಮಾಡುತ್ತೀರಿ. ಸಾಮಾನನ್ನೂ ಹಾಗೇ ಗುಡ್ಡೆ ಹಾಕಿ. ಅಲ್ಲೇ ಕೊಳ್ಳಬಹುದಾದದ್ದು ಒಂದು ಗುಡ್ಡೆ. ಕುಕ್ಕರು, ತಟ್ಟೆ, ಹೊದಿಕೆ, ದಿಂಬು ಇಲ್ಲಿಗೆ ಸೇರುತ್ತವೆ. ಭಾರತದವರ ಅಂಗಡಿ ಇರುವ ಊರಲ್ಲಿ ರಾಗಿ ಹಿಟ್ಟೂ ಸಿಗುತ್ತದೆ. ವಿಮಾನದಲ್ಲಿ ಜೊತೆಗೇ ಒಯ್ಯುವುದು ಎರಡನೆಯ ಗುಡ್ಡೆ. ಟಿಕೆಟ್ಟಿನಲ್ಲಿ ಬರೆದಷ್ಟು ತೂಕಕ್ಕೆ ಬೇರೆ ದುಡ್ಡಿಲ್ಲ, ಆದ್ದರಿಂದ ಅದನ್ನು ಪೂರಾ ಬಳಸಿಕೊಳ್ಳಿ. ಹೆಚ್ಚು ಬೇಕಾದರೆ ಮುಂಚೆಯೇ ಆನ್‌ಲೈನಿನಲ್ಲಿ ಕೊಳ್ಳಿ. ವಿಮಾನ ನಿಲ್ದಾಣದ ಕೌಂಟರಿಗಿಂತ ಬಹುತೇಕ ಅಗ್ಗ. ವಿದ್ಯಾರ್ಥಿಗಳಿಗೆ ಹೆಚ್ಚು ತೂಕ ಕೊಡುವ ಕಂಪನಿಗಳಿವೆ, ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ. ಆಮೇಲೆ ನಿಧಾನವಾಗಿ ಹೋದರೂ ನಡೆಯುವುದು ಮೂರನೆಯ ಗುಡ್ಡೆ.

ಈ ಮೂರನೆಯದಕ್ಕೆ ನಮ್ಮ ಅಂಚೆ ಕಚೇರಿಯನ್ನು ಮರೆಯಬೇಡಿ. ನಾಲ್ಕು ಪುಸ್ತಕ, ಒಂದು ಸ್ವೆಟರು, ಒಂದು ಸೀರೆ ಕಳಿಸಲು ಖಾಸಗಿ ಕೊರಿಯರಿಗೆ ಹೋಗುವ ಮುನ್ನ ಅಂಚೆ ಕೌಂಟರಿನಲ್ಲಿ ದರ ಕೇಳಿ ಹೋಲಿಸಿ. ಪೆಟ್ಟಿಗೆಯಲ್ಲಿ ಏನಿದೆ, ಬೆಲೆ ಎಷ್ಟು ಎಂದು ಕಸ್ಟಮ್ಸ್ ಫಾರಂನಲ್ಲಿ ಇದ್ದದ್ದು ಇದ್ದಹಾಗೆ ಬರೆಯಿರಿ. ನಿಯಮ ಬದಲಾಗುತ್ತಿರುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ತೆಗೆದುಹಾಕಿದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಆರಂಭಿಸಿತು. ಹಿಂದಿನ ವರ್ಷ ಯಾರೋ ಕಳಿಸಿದರು ಎನ್ನುವುದು ಈ ವರ್ಷಕ್ಕೆ ಆಧಾರವಲ್ಲ.

ಸಂಸಾರ ಸಮೇತ ಹೋಗಿ ವರ್ಷಗಟ್ಟಲೆ ಇರುವವರಿಗೆ ಹಡಗು ಅಗ್ಗ. ಅಲ್ಲಿ ತೂಕಕ್ಕಿಂತ ಜಾಗದ ಲೆಕ್ಕ, ಘನ ಮೀಟರಿಗೆ ಇಷ್ಟು ಅಂತ. ವಾರಗಳು, ಕೆಲವು ಸಲ ತಿಂಗಳುಗಳು ಹಿಡಿಯುತ್ತವೆ. ದರ ಕೇಳುವಾಗ ಆ ಕಡೆಯ ಬಂದರಿನ ಖರ್ಚೂ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಇಲ್ಲಿ ಅಗ್ಗ ಎಂದು ಕಳಿಸಿದವರು ಅಲ್ಲಿ ಬಿಡಿಸಿಕೊಳ್ಳಲು ಪರದಾಡಿದ್ದನ್ನು ನೋಡಿದ್ದೇನೆ. ಊರ ಬಡಗಿ ಮಾಡಿಕೊಟ್ಟ ಮರದ ಪೆಟ್ಟಿಗೆಯೂ ನಡೆಯುವುದಿಲ್ಲ. ಹುಳ ಸಾಯುವಂತೆ ಮರವನ್ನು ಕಾಯಿಸಿ, ತೆನೆಯ ಗುರುತಿನ ಮುದ್ರೆ ಒತ್ತಿರಬೇಕು. ರಟ್ಟಿನ ಪೆಟ್ಟಿಗೆಗೆ ಆ ಕಾಟವಿಲ್ಲ.

ಇನ್ನು ತಾಯಂದಿರಿಗೆ ಬೇಸರವಾಗುವ ಮಾತು. ಕೆ.ಆರ್.ನಗರದ ಅಕ್ಕಿ ಎಷ್ಟೇ ಚೆನ್ನಾಗಿರಲಿ, ಅಮೆರಿಕಕ್ಕೆ ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಧಾನ್ಯ ತಿನ್ನುವ ಖಾಪ್ರಾ ಎಂಬ ಹುಳದ ಭಯ ಅವರಿಗೆ. ಹಸಿ ಕರಿಬೇವೂ ಕೂಡದು. ಅದರ ಜೊತೆ ಹೋಗುವ ಕೀಟ ಅಲ್ಲಿನ ಕಿತ್ತಳೆ, ನಿಂಬೆ ತೋಟಕ್ಕೆ ರೋಗ ತರುತ್ತದೆ. ಆಸ್ಟ್ರೇಲಿಯಾ ಇನ್ನೂ ಬಿಗಿ. ಅಕ್ಕಿ, ಕಡಲೆ, ತೊಗರಿ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಇವು ಬ್ಯಾಗಿನಲ್ಲೂ ಬೇಡ, ಅಂಚೆಯಲ್ಲೂ ಬೇಡ. ನಾವು ಪಾಯಸಕ್ಕೆ ಹಾಕುವ ಗಸಗಸೆ ದುಬೈಯಲ್ಲಿ ಮಾದಕ ವಸ್ತುವಿನ ಲೆಕ್ಕ. ಕೊಬ್ಬರಿಯಲ್ಲಿ ಎಣ್ಣೆ ಇದೆ, ಬೆಂಕಿ ಹೊತ್ತಬಹುದು ಅಂತ ನಮ್ಮ ದೇಶದಲ್ಲೇ ವಿಮಾನದ ಬ್ಯಾಗಿಗೆ ಬಿಡುವುದಿಲ್ಲ. ಕಾಡಂಚಿನ ಎಚ್.ಡಿ.ಕೋಟೆಯವರೆ, ನವಿಲುಗರಿ ದೇಶದಿಂದ ಹೊರಗೆ ಒಯ್ಯುವುದು ನಿಷಿದ್ಧ. ಒಯ್ಯಬಹುದಾದ ತಿಂಡಿಯಾದರೂ ಇಳಿದ ಕಡೆ ಫಾರಂನಲ್ಲಿ "ಇದೆ" ಎಂದೇ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಕಸದ ಬುಟ್ಟಿಗೆ ಹಾಕುತ್ತಾರೆ. ಬಚ್ಚಿಟ್ಟರೆ ದಂಡ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಖರ್ಚು ಉಳಿಸಲು ನಮ್ಮ ಕಡೆ ಒಂದು ರೂಢಿ ಇದೆ. "ಹೆಂಗೂ ಹೋಗ್ತಾ ಇದ್ದೀಯಲ್ಲಪ್ಪ, ಇದೊಂದು ಗಂಟು ನಮ್ಮ ಹುಡುಗನಿಗೆ ತಲುಪಿಸಿಬಿಡು." ಒಳ್ಳೆಯ ಮನಸ್ಸಿನ ರೂಢಿಯೇ. ಆದರೆ ಬಿಚ್ಚಿ ನೋಡದ ಗಂಟನ್ನು ಯಾರದೇ ಆಗಲಿ ತೆಗೆದುಕೊಳ್ಳಬೇಡಿ. ಬ್ಯಾಗು ಯಾರ ಹೆಸರಿನಲ್ಲಿದೆಯೋ ಅವರೇ ಹೊಣೆ. ಅದರಲ್ಲಿ ಮಾದಕ ವಸ್ತು ಸಿಕ್ಕಿ ಗಲ್ಫಿನ ಜೈಲು ಸೇರಿದರೆ "ನನಗೆ ಗೊತ್ತಿಲ್ಲ" ಎಂಬ ಮಾತನ್ನು ಕೇಳುವವರಿಲ್ಲ. ನೋವಿನ ಮಾತ್ರೆ, ನಿದ್ದೆಯ ಮಾತ್ರೆಗೂ ಅಲ್ಲಿ ಕಟ್ಟುನಿಟ್ಟು. ಡಾಕ್ಟರ ಚೀಟಿ ಜೊತೆಗಿರಲಿ, ಮುಂಚೆ ಅನುಮತಿ ಬೇಕೇ ಎಂದು ಕೇಳಿಕೊಳ್ಳಿ. ಕೊಟ್ಟವರು ನೆಂಟರೇ ಆದರೂ ಎದುರಿಗೆ ಬಿಚ್ಚಿಸಿ, ನೋಡಿ, ನೀವೇ ಕಟ್ಟಿ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ.

ಪೆಟ್ಟಿಗೆಗೆ ಹಾಕಲೇಬಾರದ ವಸ್ತುಗಳೂ ಇವೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು. ಸರ್ಕಾರ "ಆಪರೇಷನ್ ಕಾವೇರಿ" ನಡೆಸಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ದೇಶಕ್ಕೆ ಕರೆತಂದಿತು. ಗುಂಡಿನ ಸದ್ದಿನಲ್ಲಿ ಓಡುವವರಿಗೆ ಯಾವ ಪೆಟ್ಟಿಗೆಯೂ ಜೊತೆ ಬರುವುದಿಲ್ಲ. ಪಾಸ್‌ಪೋರ್ಟು, ವೀಸಾ, ಸ್ವಲ್ಪ ಹಣ, ದಿನದ ಔಷಧ, ಓದಿನ ಮೂಲ ಪ್ರಮಾಣಪತ್ರ, ಇವು ಸದಾ ಕೈಚೀಲದಲ್ಲಿರಲಿ. ಪಾರ್ಸೆಲ್ಲಿಗೂ ಹಾಕಬೇಡಿ, ವಿಮಾನದಲ್ಲಿ ಒಪ್ಪಿಸುವ ದೊಡ್ಡ ಬ್ಯಾಗಿಗೂ ಹಾಕಬೇಡಿ. ಅವುಗಳ ಒಂದು ನಕಲು ಮನೆಯಲ್ಲಿ, ಒಂದು ಫೋನಿನಲ್ಲಿ ಇರಲಿ. ಪವರ್ ಬ್ಯಾಂಕು ಕೂಡ ಕೈಚೀಲದಲ್ಲೇ. ಅದಕ್ಕೆ ಬೆಂಕಿಯ ಕಾರಣ.

ಹೋದವರು ವಾಪಸ್ಸೂ ಬರುತ್ತಾರೆ. ಬಹುಕಾಲ ಹೊರಗಿದ್ದು ಮರಳುವವರು ಬಳಸಿದ ಮನೆ ಸಾಮಾನು ತಂದರೆ ನಮ್ಮ ಕಸ್ಟಮ್ಸಿನಲ್ಲಿ ರಿಯಾಯಿತಿ ಉಂಟು. ಎಷ್ಟು ಕಾಲ ಅಲ್ಲಿದ್ದಿರಿ ಎಂಬುದರ ಮೇಲೆ ಅದು ನಿಂತಿದೆ. ಹಳೆಯ ಪಾಸ್‌ಪೋರ್ಟು, ಕೊಂಡ ರಸೀತಿ, ಸಾಮಾನಿನ ಪಟ್ಟಿ ಜೋಪಾನ ಮಾಡಿ. ಇಲ್ಲಿಂದ ಒಡವೆ ಹಾಕಿಕೊಂಡು ಹೋಗುವ ಹೆಣ್ಣುಮಕ್ಕಳು ಹೊರಡುವಾಗಲೇ ಕಸ್ಟಮ್ಸಿನಲ್ಲಿ ಬರೆಸಿ ಚೀಟಿ ಪಡೆದರೆ, ಬರುವಾಗ ತಮ್ಮ ಒಡವೆಗೆ ತಾವೇ ಸುಂಕ ಕಟ್ಟುವ ಪಾಡು ತಪ್ಪುತ್ತದೆ.

ಮಾತು ಮುಗಿಸುತ್ತೇನೆ. ಶಾಲೆಗೆ ಐವತ್ತು ತುಂಬಿದ ನೆನಪಿಗೆ ನನ್ನ ಕಡೆಯಿಂದ ಒಂದು ತೂಕದ ಯಂತ್ರ, ಒಂದು ಅಳತೆಪಟ್ಟಿ ಕೊಡುತ್ತಿದ್ದೇನೆ. ಗ್ರಂಥಾಲಯದ ಕೋಣೆಯಲ್ಲಿರಲಿ. ವಿದೇಶಕ್ಕೆ ಹೊರಟವರ ಮನೆಯವರು ಪೆಟ್ಟಿಗೆ ತಂದು ತೂಗಿ, ಅಳೆದು ನೋಡಲಿ. ಲೆಕ್ಕವನ್ನು ಒಂಬತ್ತನೇ ತರಗತಿಯ ಮಕ್ಕಳು ಮಾಡಿಕೊಡಲಿ. ಆಯಾ ದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಈಗಿನ ನಿಯಮವನ್ನು ಫೋನಿನಲ್ಲಿ ತಿಳಿಸುವುದಾಗಿ ಒಪ್ಪಿದರೆ, ಅವರ ಹೆಸರನ್ನು ಸಂಘದ ಪುಸ್ತಕದಲ್ಲಿ ಇವತ್ತೇ ಬರೆದುಕೊಳ್ಳೋಣ. ಮೊದಲ ಸಾಲಿಗೆ ನನ್ನ ಹೆಸರು ಬರೆಯಿರಿ.